ಅಗಲಿದ ಕಾಂಡಗಳು

ಮನೆ ಪಾಲಾಗುವ ಕಾಲದಲ್ಲಿ ಅಣ್ಣತಮ್ಮಂದಿರು ಹೊಲಕ್ಕೆ ಬದು ಹಾಕಿ ಹಂಚಿಕೊಳ್ಳುವರು. ಪಾತ್ರೆಪಡಗಗಳನ್ನು ಎಣಿಸಿ ಹಂಚಿಕೊಳ್ಳುವರು. ಬಾವಿ ಒಂದೇ ಆಗಿದ್ದರೆ ನೀರು ಸೇದುವ ಸರದಿಯನ್ನು ಗೊತ್ತುಮಾಡಿಕೊಳ್ಳುವರು. ದೇವರ ಕೋಣೆಯ ಬಾಗಿಲಿಗೆ ಬಂದಾಗ ಮಾತ್ರ ಪಂಚರು ಸ್ವಲ್ಪ ತಡೆದು ನಿಲ್ಲುವರು. ಅಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ ರಾಮಾಯಣದ ಗ್ರಂಥವೊಂದಿದ್ದರೆ ಅದನ್ನು ಪಾಲು ಮಾಡುವ ಬಗೆ ಯಾವುದು? ಬಾಲಕಾಂಡವು ಹಿರಿಯನಿಗೆ, ಯುದ್ಧಕಾಂಡವು ಕಿರಿಯನಿಗೆ ಎಂದು ಲೆಕ್ಕ ಹಾಕಿ ಕೊಟ್ಟರೆ ಹಿರಿಯನ ಮನೆಯಲ್ಲಿ ಸೀತಾರಾಮರ ವಿವಾಹವೇ ಎಂದೆಂದಿಗೂ ನಡೆಯುತ್ತಿರುವುದು. ಕಿರಿಯನ ಮನೆಯಲ್ಲಿ ಎಂದೆಂದಿಗೂ ಲಂಕೆಯ ಕಾಳಗವೇ. ವಿವೇಕಿಗಳಾದವರು ಹಾಗೆ ಮಾಡುವುದಿಲ್ಲ. ಗ್ರಂಥವನ್ನು ಒಬ್ಬರ ವಶದಲ್ಲಿರಿಸಿ, ರಾಮನವಮಿಯ ಪಾರಾಯಣಕ್ಕೆ ಎಲ್ಲರೂ ಅಲ್ಲಿಯೇ ಕೂಡತಕ್ಕದ್ದೆಂದು ಗೊತ್ತುಪಡಿಸುವರು.

ಹೀಗೆ ಪಾಲಾಗಬಾರದ ಗ್ರಂಥವೊಂದು ಪಾಲಾಗಿ, ಅದರ ಕಾಂಡಗಳು ಒಂದೊಂದು ದಿಕ್ಕಿಗೆ ಚೆದರಿ, ಸುಮಾರು ಇನ್ನೂರು ವರ್ಷಗಳ ಮೇಲೆ ಒಂದು ಬಗೆಯಿಂದ ಮತ್ತೆ ಕೂಡಿಕೊಂಡ ವೃತ್ತಾಂತವು ಇತ್ತೀಚಿನ ವಸ್ತುಸಂಗ್ರಹಾಲಯಗಳ ಚರಿತ್ರೆಯಲ್ಲಿ ದೊರೆಯುತ್ತದೆ. ಮೇವಾಡದ ಸಚಿತ್ರ ರಾಮಾಯಣವೇ ಆ ಗ್ರಂಥ. ಅದನ್ನು ಕೂಡಿಸಿದುದು ಡಿಜಿಟಲ್ ವಿದ್ಯೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಯಂತ್ರವು ಕೂಡಿಸುವುದಕ್ಕೆ ಮುಂಚೆ ಮನುಷ್ಯರು ಕೂಡಬೇಕಾಯಿತು. ಅವರು ಕೂಡದಿದ್ದಲ್ಲಿ ಯಂತ್ರವು ಎಷ್ಟು ಚತುರವಾಗಿದ್ದರೂ ಫಲವಿರುತ್ತಿರಲಿಲ್ಲ. ಈ ಮಾತು ಆ ಒಂದು ಗ್ರಂಥಕ್ಕೆ ಮಾತ್ರ ಸಲ್ಲುವುದಾಗಿದ್ದರೆ ಇಲ್ಲಿ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಟ್ಟದ ಮೇಲೆ ಒಂದು ಓಲೆಗರಿಯ ಕಟ್ಟನ್ನಿರಿಸಿಕೊಂಡಿರುವ ಪ್ರತಿಯೊಂದು ಮನೆಗೂ ಅದರ ಸಂಬಂಧವುಂಟು.

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಉದಯಪುರದಿಂದ ಮೇವಾಡವನ್ನು ಆಳುತ್ತಿದ್ದವನು ಮಹಾರಾಣಾ ಜಗತ್‌ಸಿಂಹ. ಆ ರಾಜವಂಶದವರು ತಾವು ಸೂರ್ಯವಂಶಜರೆಂದೂ ಶ್ರೀರಾಮನ ಸಂತತಿಯವರೆಂದೂ ಹೇಳಿಕೊಳ್ಳುವರು. ೧೫೬೮ರಲ್ಲಿ ಚಿತ್ತೂರಿನ ಕೋಟೆಯು ಅಕ್ಬರನ ವಶವಾಗಿತ್ತು. ೧೬೧೫ರಲ್ಲಿ ಮೇವಾಡಕ್ಕೂ ಮೊಗಲರಿಗೂ ಸಂಧಿಯಾಗಿ ನಾಡಿನಲ್ಲಿ ಶಾಂತಿಯು ನೆಲೆಗೊಂಡಿತು. ಶಾಂತಿಯ ಕಾಲದಲ್ಲಿ ಅರಸರಿಗೆ ಗ್ರಂಥಗಳ ನೆನಪು ಬರುವುದು ಸಹಜ. ೧೬೨೮ರಲ್ಲಿ ಪಟ್ಟಕ್ಕೆ ಬಂದ ಜಗತ್‌ಸಿಂಹನು ವಾಲ್ಮೀಕಿ ರಾಮಾಯಣದ ಏಳು ಕಾಂಡಗಳನ್ನೂ ಬರೆಯಿಸಿ, ಕಥೆಯ ಹೆಜ್ಜೆಹೆಜ್ಜೆಗೂ ಚಿತ್ರಗಳನ್ನು ಮಾಡಿಸಲು ಸಂಕಲ್ಪಿಸಿದನು. ೧೬೪೯ರಿಂದ ೧೬೫೩ರವರೆಗೆ ಆ ಕಾರ್ಯವು ನಡೆಯಿತು. ೧೬೫೨ರಲ್ಲಿಯೇ ಕಾಲವಾದ ಆ ಅರಸನಿಗೆ ತನ್ನ ಗ್ರಂಥದ ಕೊನೆಯ ಹಾಳೆಯನ್ನು ಕಾಣುವ ಭಾಗ್ಯವಿರಲಿಲ್ಲ. ಅವನ ಮಗನಾದ ರಾಜಸಿಂಹನ ಕಾಲದಲ್ಲಿ ಅದು ಮುಗಿಯಿತು.

ಗ್ರಂಥವನ್ನು ಬರೆದವನು ಮಹಾತ್ಮಾ ಹೀರಾನಂದನೆಂಬ ಜೈನ ಲಿಪಿಕಾರ. ಚಿತ್ರ ಬರೆದವರಲ್ಲಿ ಮುಖ್ಯರಾದವರು ಇಬ್ಬರು. ಬಾಲಕಾಂಡದ ಚಿತ್ರಗಳಲ್ಲಿ ಮನೋಹರನ ಕೈ ಕಾಣುವುದು. ಅಯೋಧ್ಯಾಕಾಂಡ ಯುದ್ಧಕಾಂಡಗಳಲ್ಲಿ ಸಾಹಿಬ್‌ದೀನನೆಂಬ ಮುಸಲ್ಮಾನ ಚಿತ್ರಕಾರನ ಕೈ. ಇವರಲ್ಲದೆ ಹೆಸರು ತಿಳಿಯದ ಬೇರೆ ಚಿತ್ರಕಾರರೂ ಇದರಲ್ಲಿ ದುಡಿದರು. ಹಿಂದೂ ಅರಸನ ಆಶ್ರಯದಲ್ಲಿ ಜೈನ ಲಿಪಿಕಾರನೂ ಮುಸಲ್ಮಾನ ಚಿತ್ರಕಾರನೂ ರಾಮನ ಕಥೆಗಾಗಿ ಒಂದೇ ಚಾವಡಿಯವರಾಗಿ ದುಡಿದರೆಂಬುದನ್ನು ನೆನೆದರೆ, ಈ ಗ್ರಂಥವು ಹುಟ್ಟುವಾಗಲೇ ಹಲವರ ಸಹಕಾರದಿಂದ ಹುಟ್ಟಿತೆಂಬುದು ಮನಸ್ಸಿಗೆ ಬರುವುದು. ಲಿಪಿಕಾರನು ಬರೆದು ಮುಗಿಸಿದ ಶ್ಲೋಕಕ್ಕೂ ಚಿತ್ರಕಾರನು ಬರೆಯಬೇಕಾದ ಸನ್ನಿವೇಶಕ್ಕೂ ಹೊಂದಿಕೆ ತಪ್ಪದಂತೆ ಯಾರೋ ಒಬ್ಬರು ಹಾಳೆಗಳ ಲೆಕ್ಕವನ್ನು ಇಟ್ಟಿದ್ದಿರಬೇಕು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಸಾಹಿಬ್‌ದೀನನ ಚಿತ್ರಗಳ ಒಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಅವನು ಒಂದು ಹಾಳೆಯಲ್ಲಿ ಒಂದೇ ಕ್ಷಣವನ್ನು ಬರೆದು ತೃಪ್ತನಾಗುವವನಲ್ಲ. ಇಂದ್ರಜಿತ್ತುವಿನ ಬಾಣಗಳಿಂದ ರಾಮಲಕ್ಷ್ಮಣರು ನೆಲಕ್ಕೊರಗಿದ ಪ್ರಸಂಗವನ್ನು ನೋಡತಕ್ಕದ್ದು. ಒಂದೆಡೆ ವಿಜಯಿಯಾದ ಮಗನು ರಾವಣನೆದುರಿಗೆ ನಿಂತಿದ್ದಾನೆ. ಇನ್ನೊಂದೆಡೆ ಸೀತೆಯನ್ನು ಪುಷ್ಪಕದಲ್ಲಿ ಕುಳ್ಳಿರಿಸಿ ರಣಭೂಮಿಯ ಮೇಲೆ ಕರೆದೊಯ್ಯುತ್ತಾರೆ. ಕೆಳಗೆ ಅವಳ ಪತಿಯೂ ಮೈದುನನೂ ಶರಜಾಲದಲ್ಲಿ ಬಿದ್ದಿದ್ದಾರೆ. ಹಿಂದೆ ನಡೆದುದೂ ಮುಂದೆ ನಡೆಯುವುದೂ ಒಂದೇ ಹಾಳೆಯಲ್ಲಿ ಅಡಕವಾಗಿವೆ. ಇಂತಹ ಚಿತ್ರವನ್ನು ಅರಿಯಬೇಕಾದರೆ ಅದರ ಹಿಂದಿನ ಹಾಳೆಯನ್ನೂ ಮುಂದಿನ ಹಾಳೆಯನ್ನೂ ಬೆನ್ನಿನ ಶ್ಲೋಕಗಳನ್ನೂ ಒಟ್ಟಿಗೆ ನೋಡಬೇಕು. ಹಾರದ ಒಂದು ಮಣಿಯನ್ನು ಕಂಡವನು ಹಾರವನ್ನು ಕಂಡಂತಾಗಲಿಲ್ಲ.

ಗ್ರಂಥವು ಅಗಲಿದುದು ಯುದ್ಧದಿಂದಲ್ಲ, ಸ್ನೇಹದಿಂದ. ೧೮೧೮ರಿಂದ ೧೮೨೨ರವರೆಗೆ ಉದಯಪುರದಲ್ಲಿ ಕಂಪನಿ ಸರಕಾರದ ಪೊಲಿಟಿಕಲ್ ಏಜೆಂಟನಾಗಿದ್ದ ಜೇಮ್ಸ್ ಟಾಡ್ ಎಂಬ ಆಂಗ್ಲೇಯನು ರಾಜಸ್ಥಾನದ ಚರಿತ್ರೆಯನ್ನು ಬರೆದು ಪ್ರಸಿದ್ಧನಾದವನು. ಆಗಿನ ಮಹಾರಾಣಾ ಭೀಮಸಿಂಹನು ಈ ಗ್ರಂಥದ ಕೆಲವು ಸಂಪುಟಗಳನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟನು. ಟಾಡನು ಅವುಗಳನ್ನು ಇಂಗ್ಲೆಂಡಿಗೆ ಒಯ್ದು ಅಲ್ಲಿಯ ರಾಜಪುತ್ರನಾದ ಸಸೆಕ್ಸಿನ ಡ್ಯೂಕನಿಗೆ ಅರ್ಪಿಸಿದನು. ೧೮೪೩ರಲ್ಲಿ ಡ್ಯೂಕನು ತೀರಿಕೊಂಡ ಮೇಲೆ, ೧೮೪೪ರಲ್ಲಿ ಅವುಗಳನ್ನು ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡಿತು. ೧೯೭೩ರಲ್ಲಿ ಆ ಸಂಸ್ಥೆಯ ಗ್ರಂಥಭಾಗವು ಬೇರೆಯಾಗಿ ಬ್ರಿಟಿಷ್ ಲೈಬ್ರರಿಯಾದಾಗ ಅವು ಅಲ್ಲಿಗೆ ಸೇರಿದುವು. ಉಳಿದವುಗಳಲ್ಲಿ ಅರಣ್ಯಕಾಂಡವು ಉದಯಪುರದಲ್ಲಿಯೇ ರಾಜಸ್ಥಾನದ ಪ್ರಾಚ್ಯವಿದ್ಯಾ ಸಂಸ್ಥೆಯ ವಶಕ್ಕೆ ಬಂದಿತು. ಬಾಲಕಾಂಡದ ಹೆಚ್ಚಿನ ಹಾಳೆಗಳು ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ ಸೇರಿದುವು. ಕೆಲವು ಬಡೋದೆಯಲ್ಲಿ ನಿಂತುವು.

ಮುಂಬಯಿಯ ಆ ಸಂಗ್ರಹಾಲಯವು ೧೯೨೨ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಿಂದ ಬಾಗಿಲು ತೆರೆದುದು. ಈಗ ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆಂದು ಹೆಸರು. ಅಲ್ಲಿಗೆ ಹೋದವನಿಗೆ ಋಷ್ಯಶೃಂಗನೂ ವಿಶ್ವಾಮಿತ್ರನೂ ಮಿಥಿಲೆಯ ಸಂಭ್ರಮವೂ ದೊರೆಯುವುವು. ಆಮೇಲೆ ಏನಾಯಿತೆಂದು ತಿಳಿಯಬೇಕಾದರೆ ಅವನು ಸಮುದ್ರವನ್ನು ದಾಟಬೇಕಾಗಿತ್ತು. ಲಂಡನ್ನಿಗೆ ಹೋಗಿ ಯುದ್ಧಕಾಂಡವನ್ನು ನೋಡಿದ ವಿದ್ವಾಂಸನು ಅರಣ್ಯಕಾಂಡಕ್ಕಾಗಿ ಮತ್ತೆ ಉದಯಪುರಕ್ಕೆ ಬರಬೇಕಾಗಿತ್ತು. ಹನುಮಂತನಂತೆ ಸಮುದ್ರಲಂಘನ ಮಾಡಬಲ್ಲವರು ಎಷ್ಟು ಮಂದಿ? ಹೀಗಾಗಿ ಜಗತ್‌ಸಿಂಹನ ರಾಮಾಯಣವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ನೋಡಿದವರು ಬಹುಕಾಲ ಇದ್ದಿರಲಾರರು. ಗ್ರಂಥವು ನಾಶವಾಗಿರಲಿಲ್ಲ; ಆದರೂ ಗ್ರಂಥವಾಗಿ ಅದು ಇರಲಿಲ್ಲ.

೨೦೧೪ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಈ ಅಗಲಿಕೆಗೆ ಒಂದು ಬಗೆಯ ಕೊನೆಯಾಯಿತು. ಬ್ರಿಟಿಷ್ ಲೈಬ್ರರಿಯೂ ಮುಂಬಯಿಯ ವಸ್ತುಸಂಗ್ರಹಾಲಯವೂ ಭಾರತದ ಇತರ ಸಂಗ್ರಹಗಳವರೊಡನೆ ಸೇರಿ ಪ್ರತಿಯೊಂದು ಹಾಳೆಯ ಡಿಜಿಟಲ್ ಚಿತ್ರವನ್ನು ತೆಗೆದು, ಮುನ್ನೂರೆಪ್ಪತ್ತಕ್ಕೂ ಮಿಕ್ಕಿದ ಚಿತ್ರಗಳನ್ನು ಕಾಂಡಾನುಕ್ರಮವಾಗಿ ಜೋಡಿಸಿ, ಅಂತರಜಾಲದಲ್ಲಿ ಎಲ್ಲರ ದೃಷ್ಟಿಗೂ ತೆರೆದಿಟ್ಟುವು. ಮುಂಬಯಿಯಲ್ಲಿಯೇ ಅದರ ಉದ್ಘಾಟನೆಯು ನಡೆಯಿತು. ಹಾಳೆಗಳು ಇದ್ದಲ್ಲಿಯೇ ಇದ್ದುವು. ಅವುಗಳ ಪ್ರತಿಬಿಂಬಗಳು ಮಾತ್ರ ಒಂದೆಡೆ ಕೂಡಿದುವು. ಮನೆಯಲ್ಲಿ ಕುಳಿತವನು ಬೆರಳಿನಿಂದ ಹಾಳೆಯನ್ನು ತಿರುವಿ ಪುತ್ರಕಾಮೇಷ್ಟಿಯಿಂದ ಹೊರಟು ಉತ್ತರಕಾಂಡದವರೆಗೆ ಹೋಗಬಹುದಾಯಿತು.

ಓದುವವರಿಗೆ ಇದು ಒಂದು ದಿನದ ಸಮಾಚಾರ. ಇದರ ಹಿಂದೆ ನಡೆಯಬೇಕಾದ ಕೆಲಸವು ಎಂತಹುದೆಂಬುದನ್ನು ಆ ವೃತ್ತಿಯವರೇ ಬಲ್ಲರು. ಛಾಯಾಚಿತ್ರವನ್ನು ತೆಗೆಯುವುದು ಇದರಲ್ಲಿ ಸುಲಭವಾದ ಭಾಗ. ನಾಲ್ಕು ಕಡೆಗಳಲ್ಲಿ ನಾಲ್ಕು ಬಗೆಯಾಗಿ ಬೆಳೆದ ಸಂಸ್ಥೆಗಳು ಒಂದೇ ಗ್ರಂಥದ ವಿಷಯದಲ್ಲಿ ಒಮ್ಮತಕ್ಕೆ ಬರುವುದೇ ಕಷ್ಟವಾದುದು. ಮೊದಲನೆಯದು ಸಂಖ್ಯೆಯ ತೊಡಕು. ಹಾಳೆಯ ಮೇಲೆ ಲಿಪಿಕಾರನು ಹಾಕಿದ ಅಂಕೆಯೊಂದಿರುವುದು. ರಟ್ಟು ಕಟ್ಟಿದವನು ಹಾಕಿದ ಅಂಕೆಯೊಂದಿರುವುದು. ಸಂಗ್ರಹಾಲಯದ ದಫ್ತರದಲ್ಲಿ ಇನ್ನೊಂದಿರುವುದು. ಯಾವುದನ್ನು ಹಿಡಿದರೆ ಕಥೆಯು ಸರಿಯಾಗಿ ಸಾಗುವುದು? ಎರಡನೆಯದು ಹೆಸರಿನ ತೊಡಕು. ದಕ್ಷಿಣದವರಿಗೆ ವಾಲಿಯಾದವನು ಉತ್ತರದವರಿಗೆ ಬಾಲಿ. ಸಾಹಿಬ್‌ದೀನನ ಹೆಸರನ್ನು ಒಬ್ಬರು ಕೂಡಿಸಿ ಬರೆಯುವರು, ಇನ್ನೊಬ್ಬರು ಬಿಡಿಸಿ ಬರೆಯುವರು. ಮನುಷ್ಯನಾದರೆ ಇವೆರಡೂ ಒಂದೆಂದು ಅರಿತುಕೊಳ್ಳುವನು. ಯಂತ್ರಕ್ಕೆ ಆ ವಿವೇಕವನ್ನು ಯಾರಾದರೂ ಮೊದಲು ಹೇಳಿಕೊಡಬೇಕು. ಮೂರನೆಯದು ಬಣ್ಣದ ತೊಡಕು. ಒಂದೆಡೆಯ ದೀಪದ ಬೆಳಕಿನಲ್ಲಿ ಹಿಂಗುಲದ ಕೆಂಪು ಕಿತ್ತಳೆಯಾಗಿ ಕಂಡರೆ, ಇನ್ನೊಂದೆಡೆ ಅದೇ ಕೆಂಪು ರಕ್ತದಂತೆ ಕಾಣುವುದು. ಆದುದರಿಂದ ಹಾಳೆಯ ಪಕ್ಕದಲ್ಲಿ ಬಣ್ಣದ ಪಟ್ಟಿಯನ್ನೂ ಅಳತೆಪಟ್ಟಿಯನ್ನೂ ಇಟ್ಟು ಚಿತ್ರ ತೆಗೆಯುವ ಪದ್ಧತಿಯುಂಟು. ನಾಲ್ಕನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು: ಈ ಚಿತ್ರವು ಯಾರದು? ಇದನ್ನು ಅಚ್ಚು ಹಾಕಿಸಲು ಯಾರ ಅಪ್ಪಣೆ ಬೇಕು? ಕೆಳಗೆ ಯಾರ ಹೆಸರಿರಬೇಕು?

ಈ ನಾಲ್ಕು ತೊಡಕುಗಳಲ್ಲಿ ಒಂದನ್ನಾದರೂ ಯಂತ್ರವು ತಾನಾಗಿ ಬಿಡಿಸಲಾರದು. ಸಂಸ್ಕೃತವನ್ನು ಬಲ್ಲವನು, ಚಿತ್ರಶೈಲಿಯನ್ನು ಬಲ್ಲವನು, ಜೀರ್ಣವಾದ ಕಾಗದವನ್ನು ಮುಟ್ಟಬಲ್ಲವನು, ಛಾಯಾಗ್ರಾಹಕ, ಕಂಪ್ಯೂಟರನ್ನು ಬಲ್ಲವನು, ಕರಾರುಪತ್ರವನ್ನು ಬರೆಯಬಲ್ಲವನು – ಇವರೆಲ್ಲರೂ ಒಬ್ಬರ ಮಾತನ್ನೊಬ್ಬರು ಕೇಳಬೇಕು. ಪಂಡಿತನಿಗೆ ಯಂತ್ರದವನ ಅವಸರವು ಸಹಿಸದು. ಯಂತ್ರದವನಿಗೆ ಪಂಡಿತನ ಅಡಿಟಿಪ್ಪಣಿಗಳು ಸಹಿಸವು. ಇಬ್ಬರಿಗೂ ಹಾಳೆಯನ್ನು ಕಾಯುವವನ ಭಯವು ಅತಿರೇಕವೆಂದು ತೋರುವುದು. ಅವನ ಭಯವೂ ನ್ಯಾಯವಾದುದೇ. ಮುನ್ನೂರೆಪ್ಪತ್ತು ವರ್ಷಗಳ ಹಿಂದಿನ ಬಣ್ಣವು ಒಮ್ಮೆ ಉದುರಿದರೆ ಮತ್ತೆ ಅಂಟದು. ಇವರನ್ನು ಒಂದೆಡೆ ಕುಳ್ಳಿರಿಸಿ ಒಂದು ಮಾತಿಗೆ ತರುವವನ ಕೆಲಸವು ಹಿಂದೆ ಹಾಳೆಗಳ ಲೆಕ್ಕವಿಟ್ಟವನ ಕೆಲಸದಂತೆಯೇ ಹೆಸರಿಲ್ಲದ ಕೆಲಸ.

ವೃತ್ತಿಯವರ ಈ ಕೂಟವು ಒಂದೆರಡು ದಿನಗಳಲ್ಲಿ ಬೆಳೆದುದಲ್ಲ. ಕಂಪ್ಯೂಟರು ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿದ್ದ ಕಾಲದಲ್ಲಿ, ೧೯೬೭ರಲ್ಲಿ, ನ್ಯೂಯಾರ್ಕಿನ ಕೆಲವು ವಸ್ತುಸಂಗ್ರಹಾಲಯಗಳವರು ತಮ್ಮ ಸಂಗ್ರಹಗಳ ಪಟ್ಟಿಯನ್ನು ಅದರಲ್ಲಿ ಸೇರಿಸುವುದಕ್ಕಾಗಿ ಒಂದು ಒಕ್ಕೂಟವನ್ನು ಕಟ್ಟಿಕೊಂಡರು. ಆಗಲೇ ಅವರಿಗೆ ಒಂದು ಸಂಗತಿಯು ಅರಿವಾಯಿತು: ಒಬ್ಬೊಬ್ಬರು ಒಂದೊಂದು ಬಗೆಯಾಗಿ ಪಟ್ಟಿಯನ್ನು ಬರೆದರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ಹಿಂದೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಸಂತೆಗೆ ಬಂದ ಒಕ್ಕಲಿಗನು ತನ್ನ ಕಾಳು ತನ್ನ ಕಣ್ಣೆದುರಿಗೇ ಕಡಿಮೆಯಾಗುವುದನ್ನು ನೋಡಬೇಕಾಗಿತ್ತು. ಸಂಗ್ರಹಾಲಯಗಳ ಪಟ್ಟಿಗಳೂ ಅಂತೆಯೇ ಇದ್ದುವು. ಅಮೆರಿಕೆಯ ಓಹಾಯೋ ಪ್ರಾಂತದ ಡಬ್ಲಿನ್ ಎಂಬ ಊರಿನಲ್ಲಿ ೧೯೯೫ರಲ್ಲಿ ಗ್ರಂಥಪಾಲಕರೂ ಕಂಪ್ಯೂಟರ್ ತಜ್ಞರೂ ಸೇರಿ, ಯಾವ ವಸ್ತುವನ್ನಾದರೂ ವರ್ಣಿಸುವುದಕ್ಕೆ ಕರ್ತೃ, ಶೀರ್ಷಿಕೆ, ಕಾಲ, ಭಾಷೆ ಮುಂತಾದ ಕೆಲವೇ ಅಂಶಗಳು ಸಾಕೆಂದು ಒಂದು ಒಪ್ಪಂದವನ್ನು ಆರಂಭಿಸಿದರು; ಆ ಅಂಶಗಳು ಮುಂದೆ ಹದಿನೈದಕ್ಕೆ ನಿಂತುವು. ಊರಿನ ಹೆಸರಿನಿಂದಲೇ ಅದಕ್ಕೆ ಡಬ್ಲಿನ್ ಕೋರ್ ಎಂದು ಹೆಸರಾಯಿತು. ೨೦೧೧ರಲ್ಲಿ ಬ್ರಿಟಿಷ್ ಲೈಬ್ರರಿ, ಆಕ್ಸ್‌ಫರ್ಡ್, ಸ್ಟ್ಯಾನ್‌ಫರ್ಡ್ ಮೊದಲಾದ ಕಡೆಗಳ ಗ್ರಂಥಾಲಯಗಳವರು ಇನ್ನೊಂದು ಒಪ್ಪಂದಕ್ಕೆ ತೊಡಗಿದರು. ಒಂದು ಸಂಸ್ಥೆಯ ಭಂಡಾರದಲ್ಲಿರುವ ಚಿತ್ರವನ್ನು ಇನ್ನೊಂದು ಸಂಸ್ಥೆಯ ಚಿತ್ರದ ಪಕ್ಕದಲ್ಲಿಟ್ಟು, ಎರಡನ್ನೂ ಅಲ್ಲಲ್ಲಿಯೇ ಬಿಟ್ಟು, ಒಂದೇ ತೆರೆಯ ಮೇಲೆ ನೋಡಲು ಅದರಿಂದ ಸಾಧ್ಯವಾಯಿತು. ಟ್ರಿಪಲ್ ಐ ಎಫ್ ಎಂದು ಅದನ್ನು ಕರೆಯುವರು. ಭಾರತದಲ್ಲಿಯೂ ಸಿ-ಡ್ಯಾಕ್ ಸಂಸ್ಥೆಯವರು ವಸ್ತುಸಂಗ್ರಹಾಲಯಗಳಿಗಾಗಿ ಒಂದೇ ಬಗೆಯ ತಂತ್ರಾಂಶವನ್ನು ಸಿದ್ಧಪಡಿಸಿ ಅದಕ್ಕೆ ‘ಜತನ’ ಎಂದು ಹೆಸರಿಟ್ಟರು. ಕನ್ನಡದವರಿಗೂ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೂಸನ್ನೂ ಕಣಜವನ್ನೂ ಜತನಮಾಡುವ ಮನೆಗಳಲ್ಲಿ ಅದು ದಿನಬಳಕೆಯ ಮಾತು.

ಇಷ್ಟೆಲ್ಲವನ್ನೂ ಕೇಳಿದ ಮೇಲೆ ಒಬ್ಬ ವಿಚಾರವಂತನು ಒಂದು ಆಕ್ಷೇಪವನ್ನು ಎತ್ತಬಹುದು. ಹಾಳೆಗಳು ಲಂಡನ್ನಿನಲ್ಲಿಯೇ ಉಳಿದುವಷ್ಟೆ. ನೆರಳನ್ನು ಕೊಟ್ಟು ವಸ್ತುವನ್ನು ತಾವೇ ಇಟ್ಟುಕೊಳ್ಳುವುದು ಯಾವ ನ್ಯಾಯ? ಚಿತ್ರದ ಹಣ್ಣಿನಿಂದ ಹಸಿವು ಅಡಗುವುದೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಪರಾಧೀನವಾಗಿದ್ದ ಕಾಲದಲ್ಲಿ ದೇಶದಿಂದ ಹೊರಕ್ಕೆ ಹೋದ ವಸ್ತುಗಳಲ್ಲಿ ಕೊಟ್ಟುದು ಯಾವುದು, ಕೊಂಡುದು ಯಾವುದು, ಕಸಿದುಕೊಂಡುದು ಯಾವುದು ಎಂಬ ವಿಚಾರಣೆಯು ಆಗಲೇಬೇಕಾದುದು. ಕಾಣಿಕೆ ಕೊಟ್ಟ ಭೀಮಸಿಂಹನು ಸ್ವತಂತ್ರನಾದ ಅರಸನಾಗಿರಲಿಲ್ಲವೆಂಬುದೂ ಆ ವಿಚಾರಣೆಯಲ್ಲಿ ಗಣನೆಗೆ ಬರತಕ್ಕದ್ದೇ. ಡಿಜಿಟಲ್ ಪ್ರತಿಯು ಆ ವ್ಯಾಜ್ಯಕ್ಕೆ ತೀರ್ಪಾಗಲಾರದು. ತೀರ್ಪೆಂದು ಅದನ್ನು ಮುಂದಿಡುವವರು ತಪ್ಪು ಮಾಡುವರು.

ಆದರೆ ವ್ಯಾಜ್ಯವು ತೀರುವವರೆಗೆ ಬಾವಿಯ ನೀರನ್ನು ಯಾರೂ ಕುಡಿಯಬಾರದೆಂಬ ನಿಯಮವಿಲ್ಲ. ಉದಯಪುರದಲ್ಲಿ ಇಂದು ಚಿತ್ರಕಲೆಯನ್ನು ಕಲಿಯುತ್ತಿರುವ ಹುಡುಗಿಯೊಬ್ಬಳು ತನ್ನೂರಿನ ಸಾಹಿಬ್‌ದೀನನು ಕುಂಭಕರ್ಣನ ನಿದ್ರಾಭಂಗವನ್ನು ಹೇಗೆ ಬರೆದನೆಂಬುದನ್ನು ನೋಡಲು ವಿಲಾಯಿತಿಯ ರಹದಾರಿಗಾಗಿ ಕಾಯಬೇಕಾಗಿಲ್ಲವೆಂಬುದು ಸಣ್ಣ ಲಾಭವಲ್ಲ. ಇನ್ನೊಂದು ಲಾಭವೂ ಉಂಟು. ಒಟ್ಟಿಗೆ ಕೆಲಸ ಮಾಡಿದ ಮೇಲೆ ಲಂಡನ್ನಿನವರಿಗೆ ತಮ್ಮಲ್ಲಿರುವುದು ಪೂರ್ಣವಲ್ಲವೆಂಬುದು ನಿತ್ಯವೂ ಕಣ್ಣೆದುರಿಗಿರುವುದು; ಮುಂಬಯಿಯವರಿಗೂ ಅಷ್ಟೆ. ತನ್ನ ಪಾಲು ಅಪೂರ್ಣವೆಂದು ತಿಳಿದವನೊಡನೆ ಮಾತು ಬೆಳೆಸುವುದು, ತನ್ನದೇ ಸರ್ವಸ್ವವೆಂದು ಬಗೆದವನೊಡನೆ ಬೆಳೆಸುವುದಕ್ಕಿಂತ ಸುಲಭ.

ಲಾಭದ ಮಾತು ಹಾಗಿರಲಿ. ಮಾಡದಿದ್ದರೆ ಆಗುವ ನಷ್ಟವನ್ನು ಲೋಕವು ಕಣ್ಣಾರೆ ಕಂಡಿದೆ. ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ೧೮೧೮ರಲ್ಲಿ ಸ್ಥಾಪಿತವಾದುದು. ಇನ್ನೂರು ವರ್ಷ ತುಂಬಿದ ೨೦೧೮ರಲ್ಲಿಯೇ, ಸೆಪ್ಟೆಂಬರ್ ೨ರ ರಾತ್ರಿ, ಅದಕ್ಕೆ ಬೆಂಕಿ ಬಿದ್ದಿತು. ಸುಮಾರು ಎರಡು ಕೋಟಿ ವಸ್ತುಗಳ ಆ ಸಂಗ್ರಹದಲ್ಲಿ ಹೆಚ್ಚಿನ ಭಾಗವು ಬೆಳಗಾಗುವುದರೊಳಗೆ ಬೂದಿಯಾಯಿತು. ಈಗ ಯಾರೂ ಆಡದ ಆದಿವಾಸಿ ಭಾಷೆಗಳ ಧ್ವನಿಮುದ್ರಿಕೆಗಳೂ ಅದರಲ್ಲಿ ಹೋದುವು. ಮಾತನಾಡುವವರು ಮೊದಲೇ ಹೋಗಿದ್ದರು. ಅವರ ದನಿಯು ಎರಡನೆಯ ಸಲ ಸತ್ತಿತು. ಮರುದಿನಗಳಲ್ಲಿ ಆ ನಗರದ ವಿದ್ಯಾರ್ಥಿಗಳು, ಸಂಗ್ರಹಾಲಯವನ್ನು ನೋಡಲು ಹೋಗಿದ್ದವರು ತೆಗೆದಿದ್ದ ಚಿತ್ರಗಳನ್ನೆಲ್ಲ ಕಳುಹಿಸಿಕೊಡಬೇಕೆಂದು ಲೋಕವನ್ನು ಬೇಡಿಕೊಂಡರು. ಮನೆ ಸುಟ್ಟ ಮೇಲೆ ನೆರೆಯವರ ಮದುವೆಯ ಪಟದಲ್ಲಿ ತನ್ನ ತಾಯಿಯ ಮುಖವನ್ನು ಹುಡುಕುವವನಂತೆ ಇತ್ತು ಅವರ ಪಾಡು.

ಹಾಗೆಂದು ಡಿಜಿಟಲ್ ಪ್ರತಿಯು ಚಿರಂಜೀವಿಯೆಂದು ನಂಬುವುದೂ ಅವಿವೇಕ. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ಬರೆದ ಡೂಮ್ಸ್‌ಡೇ ಗ್ರಂಥವೆಂಬ ಭೂಮಿಯ ಲೆಕ್ಕದ ಪುಸ್ತಕವುಂಟು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ೧೯೮೬ರಲ್ಲಿ ಬಿ.ಬಿ.ಸಿ.ಯವರು ನಾಡಿನ ಹೊಸ ವೃತ್ತಾಂತವನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. ಹದಿನೈದು ವರ್ಷಗಳಲ್ಲಿಯೇ ಆ ತಟ್ಟೆಗಳನ್ನು ಓದುವ ಯಂತ್ರಗಳು ಅಪರೂಪವಾಗಿ, ಅದನ್ನು ಬಿಡಿಸಿ ಓದುವುದಕ್ಕೆ ತಜ್ಞರು ಬಹಳ ಶ್ರಮಪಡಬೇಕಾಯಿತು. ಚರ್ಮದ ಹಾಳೆಯ ಮೇಲೆ ಬರೆದ ಹಳೆಯ ಗ್ರಂಥವನ್ನಾದರೋ ಇಂದಿಗೂ ಕಣ್ಣಿದ್ದವರು ಓದಬಹುದು. ೨೦೨೩ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕಜಾಲಕ್ಕೆ ಕನ್ನಗಳ್ಳರು ನುಗ್ಗಿ, ಒತ್ತೆಹಣಕ್ಕಾಗಿ ಎಲ್ಲವನ್ನೂ ಕೆಡಿಸಿದರು. ಗ್ರಂಥಾಲಯವು ಹಣವನ್ನು ಕೊಡಲಿಲ್ಲ. ಅದರ ಸೂಚೀಪಟ್ಟಿಯೇ ೨೦೨೪ರ ಜನವರಿಯವರೆಗೆ ಸಾರ್ವಜನಿಕರಿಗೆ ದೊರೆಯಲಿಲ್ಲ; ಡಿಜಿಟಲ್ ರೂಪದ ಹಸ್ತಪ್ರತಿಗಳು ಅದಕ್ಕಿಂತಲೂ ಹೆಚ್ಚು ಕಾಲ ಕಣ್ಮರೆಯಾಗಿದ್ದುವು. ಜಗತ್‌ಸಿಂಹನ ಹಾಳೆಗಳು ಕಪಾಟಿನಲ್ಲಿ ಕ್ಷೇಮವಾಗಿದ್ದುವು. ಪ್ರತಿಬಿಂಬಕ್ಕೆ ಮಾತ್ರ ಗ್ರಹಣ ಹಿಡಿಯಿತು. ಮೂಲವು ಬೆಂಕಿಗೆ ಅಂಜಬೇಕು, ಪ್ರತಿಯು ಕಳ್ಳರಿಗೆ ಅಂಜಬೇಕು; ಒಂದನ್ನು ನೆಚ್ಚಿ ಇನ್ನೊಂದನ್ನು ಅಲಕ್ಷ್ಯ ಮಾಡುವಂತಿಲ್ಲ.

ಹಾಗಾದರೆ ರಕ್ಷೆ ಯಾವುದು? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಉತ್ತರವನ್ನು ಕೊಟ್ಟಿದ್ದಳು. ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ದಾನಚಿ೦ತಾಮಣಿ ಅತ್ತಿಮಬ್ಬೆಯು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ದುಡಿಮೆಯೆಂಬುದನ್ನು ಊಹಿಸಿಕೊಳ್ಳಬಹುದು. ಆಕೆಯು ಒಂದೇ ಪ್ರತಿಯನ್ನು ಚಿನ್ನದ ಸಂಪುಟದಲ್ಲಿರಿಸಿ ಕಾವಲು ಹಾಕಲಿಲ್ಲ. ಹಲವು ಮಾಡಿ ಹಲವರ ಕೈಗೆ ಕೊಟ್ಟಳು. ಒಂದೆಡೆ ಗೆದ್ದಲು ತಿಂದರೂ ಇನ್ನೊಂದೆಡೆ ಉಳಿದೀತು. ಒಂದೂರು ಸುಟ್ಟರೂ ಇನ್ನೊಂದೂರಿನಲ್ಲಿ ಓದುವವರಿದ್ದಾರು. ಇಂದಿನ ಡಿಜಿಟಲ್ ತಜ್ಞರು ಪ್ರತಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ, ಬೇರೆಬೇರೆಯವರ ವಶದಲ್ಲಿ ಇರಿಸತಕ್ಕದ್ದೆಂದು ವಿಧಿಸುವುದೂ ಇದನ್ನೇ. ಹಂಚುವುದಕ್ಕೆ ಕೈ ನೀಡುವವರಿರಬೇಕು. ಸಹಕಾರವಿಲ್ಲದೆ ಪ್ರತಿಯಿದ್ದರೂ ರಕ್ಷೆಯಿಲ್ಲ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಕಥೆಯೂ ಇದನ್ನೇ ಹೇಳುತ್ತದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಗ್ರಂಥವನ್ನು ಆ ಗ್ರಂಥಾಲಯಕ್ಕೆ ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು. ೧೯೧೫ರಲ್ಲಿ ಇಂಗ್ಲಿಷಿನ ಅನುವಾದವೂ ಪುಸ್ತಕವಾಗಿ ಬಂದಿತು. ಕಳೆದೇಹೋಯಿತೆಂದು ಲೋಕವು ಬಗೆದಿದ್ದ ಶಾಸ್ತ್ರವು ಹತ್ತು ವರ್ಷಗಳಲ್ಲಿ ದೇಶದೇಶಗಳ ಪಾಲಾಯಿತು. ಒಬ್ಬರು ಕೊಟ್ಟರು, ಒಬ್ಬರು ಓದಿದರು, ಒಂದು ಸಂಸ್ಥೆಯು ಅಚ್ಚು ಹಾಕಿಸಿತು. ಮೂವರಲ್ಲಿ ಒಬ್ಬರು ಕೈ ಹಿಂದೆಗೆದಿದ್ದರೂ ಆ ಗರಿಗಳು ಇಂದಿಗೆ ಪುಡಿಯಾಗಿರುತ್ತಿದ್ದುವು.

ಇಂತಹ ಗರಿಗಳು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ನವರಾತ್ರಿಯಲ್ಲಿ ಸರಸ್ವತೀಪೂಜೆಯ ದಿನ ಅವುಗಳನ್ನು ಕೆಳಗಿಳಿಸಿ, ಅರಿಸಿನ ಕುಂಕುಮವೇರಿಸಿ, ಮರುದಿನ ಮತ್ತೆ ಮೇಲಕ್ಕೆ ಏರಿಸುವರು. ಭಕ್ತಿಯಲ್ಲಿ ಕೊರತೆಯಿಲ್ಲ, ಆದರೆ ಗೆದ್ದಲಿಗೆ ಭಕ್ತಿ ತಿಳಿಯದು. ಅವುಗಳನ್ನು ಕೇಳಲು ಬಂದವರಿಗೆ ಮನೆಯ ಹಿರಿಯರು ಒಮ್ಮೊಮ್ಮೆ ಬಾಗಿಲನ್ನು ತೆರೆಯುವುದಿಲ್ಲ. ಕೊಂಡೊಯ್ದವರು ಹಿಂದಿರುಗಿ ಕೊಡಲಿಲ್ಲವೆಂಬ ಹಳೆಯ ಅನುಭವಗಳು ಊರೂರಿನಲ್ಲಿಯೂ ಇರುವುದರಿಂದ ಅವರ ಶಂಕೆಯನ್ನು ತಪ್ಪೆನ್ನಲಾಗದು. ಈಗ ಕಾಲವು ಬದಲಾಗಿದೆ. ಕೇಂದ್ರ ಸರಕಾರವು ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಸ್ಥಾಪಿಸಿತು. ೨೦೨೫ರ ಆಯವ್ಯಯದಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಿಂದ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಳ ಸಂಕಲ್ಪವನ್ನು ಸಾರಿತು. ಗ್ರಂಥವನ್ನು ಮನೆಯಿಂದ ಕದಲಿಸದೆಯೇ ಅದರ ಪ್ರತಿಬಿಂಬವನ್ನು ತೆಗೆಯಬಹುದಾದ ಈ ಕಾಲದಲ್ಲಿ ಕೊಡುವವನು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಮನೆಯವರು ಮಾಡಬೇಕಾದ ಕೆಲಸವೂ ಒಂದಿದೆ. ಈ ಕಟ್ಟು ಯಾರದು, ಯಾವ ಊರಿನಿಂದ ಬಂದಿತು, ಯಾರು ಇದನ್ನು ಓದುತ್ತಿದ್ದರು, ಯಾವ ಗರಿಯು ಯಾವಾಗ ಮುರಿಯಿತು – ಅಜ್ಜಿಯು ಬಲ್ಲ ಈ ಸಂಗತಿಗಳನ್ನು ಯಾವ ಯಂತ್ರವೂ ಗರಿಯಿಂದ ಓದಿ ತೆಗೆಯಲಾರದು. ಅವುಗಳನ್ನು ಬರೆದು ಜೊತೆಯಲ್ಲಿ ಕೊಟ್ಟರೆ ತಜ್ಞರ ಕೂಟದಲ್ಲಿ ಮನೆಯವರೂ ಒಬ್ಬರಾಗುವರು.

ರಾಮಾಯಣವು ಹರಡಿದ ಬಗೆಯನ್ನು ರಾಮಾಯಣವೇ ಹೇಳುತ್ತದೆ. ವಾಲ್ಮೀಕಿಯು ಕಾವ್ಯವನ್ನು ಮುಗಿಸಿದ ಮೇಲೆ ಇದನ್ನು ಧರಿಸಬಲ್ಲವರು ಯಾರೆಂದು ಚಿಂತಿಸುತ್ತ ಕುಳಿತನು. ಆಶ್ರಮದಲ್ಲಿ ಬೆಳೆಯುತ್ತಿದ್ದ ಕುಶಲವರು ಬಂದು ಅವನ ಕಾಲಿಗೆರಗಿದರು. ಋಷಿಯು ಒಬ್ಬನಿಗೆ ಪೂರ್ವಾರ್ಧವನ್ನೂ ಇನ್ನೊಬ್ಬನಿಗೆ ಉತ್ತರಾರ್ಧವನ್ನೂ ಹಂಚಿಕೊಡಲಿಲ್ಲ. ಇಬ್ಬರಿಗೂ ಇಡಿಯ ಕಾವ್ಯವನ್ನು ಕಲಿಸಿದನು. ಒಬ್ಬರ ದನಿಗೊಬ್ಬರು ದನಿಗೂಡಿಸಿ ಹಾಡುವಂತೆ ಕಲಿಸಿದನು. ಆಮೇಲೆ ಬೀದಿಗೆ ಕಳುಹಿಸಿದನು.